ನೂರಕ್ಕೆ ಆರು ಕಮ್ಮಿ

2024ರ ಜೂನ್ 24ರಂದು ಟೊರಾಂಟೊ–ಸೇಂಟ್ ಪಾಲ್ಸ್ ಕ್ಷೇತ್ರದ ಉಪಚುನಾವಣೆ ನಡೆಯಿತಲ್ಲ, ಅದರ ಮತಪತ್ರದ ಫೋಟೊ ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೂ ಬಂತು. ಒಟ್ಟು 84 ಹೆಸರು, ಹೆಚ್ಚುಕಮ್ಮಿ ಒಂದು ಮೀಟರ್ ಉದ್ದದ ಕಾಗದ. "ಇದೇನ್ರೀ, ಮದುವೆಮನೆ ಸಾಮಾನು ಪಟ್ಟಿ ಇದ್ದ ಹಾಗಿದೆ" ಎಂದು ಒಬ್ಬರು ಬರೆದರು. ಎಲ್ಲರೂ ನಕ್ಕೆವು. ಆಮೇಲೆ ಮಿಲ್ಟನ್ನಿನ ಮಿತ್ರರೊಬ್ಬರು ಗಂಭೀರವಾದರು: "ಕಂಡಕಂಡವರೆಲ್ಲ ನಿಲ್ಲೋದಕ್ಕೆ ಬಿಟ್ಟರೆ ಹೀಗೇ ಆಗೋದು. ಹತ್ತು ಸಾವಿರ ಡಾಲರ್ ಠೇವಣಿ ಇಡಿ, ಸಾವಿರ ಸಹಿ ಕೇಳಿ, ಎಲ್ಲ ಸರಿಹೋಗತ್ತೆ." ಆ ಮಾತಿಗೆ ಹದಿನೇಳು ಹೆಬ್ಬೆರಳುಗಳು ಬಿದ್ದವು. ನನ್ನದು ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂಬುದನ್ನು ಗುಂಪಿನಲ್ಲಿ ಬೆರಳಲ್ಲಿ ಕುಟ್ಟಿ ಹೇಳಲು ಆಗುವಂಥದ್ದಲ್ಲ; ಇಲ್ಲಿ ಹೇಳುತ್ತೇನೆ.

ಊರಿನ ಓದುಗರಿಗಾಗಿ ಮೊದಲು ನಿಯಮ ಹೇಳಿಬಿಡುತ್ತೇನೆ. ಕೆನಡಾದ ಸಂಸತ್ತಿಗೆ ಪಕ್ಷೇತರನಾಗಿ ನಿಲ್ಲಬೇಕೆಂದರೆ ಆ ಕ್ಷೇತ್ರದಲ್ಲಿ ವಾಸವಿರುವ 100 ಮತದಾರರ ಸಹಿ ಬೇಕು. ವಿಸ್ತಾರವಾದ, ಜನ ವಿರಳವಾದ ದೂರದ ಕ್ಷೇತ್ರಗಳಲ್ಲಿ 50 ಸಾಕು. ಸಹಿ ಹಾಕುವಾಗ ಸಾಕ್ಷಿಯೊಬ್ಬರು ಎದುರಿಗಿರಬೇಕು. ಲೆಕ್ಕ ನೋಡಿಕೊಳ್ಳುವ ಅಧಿಕೃತ ಏಜೆಂಟ್ ಒಬ್ಬರು ಬೇಕು. ಮತದಾನಕ್ಕೆ 21 ದಿನ ಮುಂಚೆ, ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ಮುಚ್ಚುತ್ತದೆ. ಠೇವಣಿ ಇಲ್ಲ. ಮೊದಲು 1,000 ಡಾಲರ್ ಇತ್ತು. ಆಲ್ಬರ್ಟಾದ ಕೀರನ್ ಷುಹೆವಿಚ್ ಎಂಬವರು ಅದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯಕ್ಕೆ ಹೋದರು. 2017ರ ಅಕ್ಟೋಬರಿನಲ್ಲಿ ಅಲ್ಲಿನ ನ್ಯಾಯಾಲಯ ಅವರ ಮಾತನ್ನು ಒಪ್ಪಿತು. ಮುಂದಿನ ವರ್ಷ ಸಂಸತ್ತೂ ಆ ಠೇವಣಿಯನ್ನು ಕಾನೂನಿನಿಂದಲೇ ತೆಗೆದುಹಾಕಿತು. ಇಷ್ಟೇ. ಕೇಳುವುದಕ್ಕೆ ಎಷ್ಟು ಸುಲಭ ಅನ್ನಿಸುತ್ತದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು, ಬಸ್ ದೊಡ್ಡಪ್ಪನ ಜೊತೆ ಕ್ಲಿಪ್‌ಬೋರ್ಡ್ ಹಿಡಿದು ಹೊರಡುವ ತನಕ.

ದೊಡ್ಡಪ್ಪ ನನಗೆ ಸಂಬಂಧವಲ್ಲ. ಬ್ರಾಂಪ್ಟನ್ನಿನಲ್ಲಿ ನಾವಿದ್ದ ಕಟ್ಟಡದ ಏಳನೇ ಮಹಡಿಯಲ್ಲಿದ್ದರು. ಹೊಸದುರ್ಗದ ಕಡೆಯವರು, ಇಪ್ಪತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಅವರು 2019ರಲ್ಲಿ ಚುನಾವಣೆಗೆ ನಿಲ್ಲುತ್ತೇನೆಂದು ಹೊರಟದ್ದು ಒಂದೇ ಕಾರಣಕ್ಕೆ. ಆ ವರ್ಷದ ಜನವರಿ 28ರಂದು, ಅಪ್ಪ ಅಮ್ಮಂದಿರನ್ನು ಇಲ್ಲಿಗೆ ಕರೆಸಿಕೊಳ್ಳುವ ಅರ್ಜಿಯನ್ನು ಸರ್ಕಾರ ಆನ್‌ಲೈನಿನಲ್ಲಿ ಮಧ್ಯಾಹ್ನ ತೆರೆಯಿತು. ಸುಮಾರು 27,000 ಜಾಗ. ಹತ್ತು ನಿಮಿಷ ಆಗುವುದರೊಳಗೆ ಮುಚ್ಚಿತು. ಬೆರಳು ಚುರುಕಿದ್ದವರಿಗೆ ತಾಯಿ ಸಿಕ್ಕಳು, ಇಂಟರ್ನೆಟ್ ನಿಧಾನವಿದ್ದವರಿಗೆ ಇಲ್ಲ. ನಮ್ಮ ಕಟ್ಟಡದಲ್ಲೇ ಹಾಗೆ ತಪ್ಪಿಸಿಕೊಂಡ ನಾಲ್ಕು ಮನೆಗಳಿದ್ದವು. ಒಂದು ಮನೆಯ ಹುಡುಗಿ ಬಾಣಂತನಕ್ಕೆ ಅಮ್ಮ ಬರುತ್ತಾಳೆಂದು ಕಾಯುತ್ತಿದ್ದಳು. ದೊಡ್ಡಪ್ಪ ಎರಡು ಪಕ್ಷಗಳ ಸ್ಥಳೀಯ ಕಚೇರಿಗೆ ಹೋಗಿಬಂದರು. "ಟೀ ಕೊಟ್ರಪ್ಪ. ಒಳ್ಳೆ ವಿಚಾರ ಅಂದ್ರು. ಬರ್ಕೊಂಡ್ರು. ಬೋರ್ಡ್ ನೆಡೋಕೆ ಬರ್ತೀರಾ ಅಂತ ಕೇಳಿದ್ರು" ಎಂದು ಬಂದು ಹೇಳಿದರು. ಆ ಸಂಜೆಯೇ ನಾಮಪತ್ರದ ಫಾರಂ ಪ್ರಿಂಟ್ ಮಾಡಿಕೊಡು ಎಂದು ನನ್ನ ಕೈಲಿ ಫೋನಿಟ್ಟರು. ಗೆಲ್ಲುವ ಭ್ರಮೆ ಅವರಿಗೆ ಒಂದಿಷ್ಟೂ ಇರಲಿಲ್ಲ. ಅಭ್ಯರ್ಥಿಗಳ ಚರ್ಚೆಯಲ್ಲಿ ಕುರ್ಚಿ ಸಿಕ್ಕರೆ ಮೂವರು ದೊಡ್ಡವರ ಎದುರಿಗೆ ಒಂದು ಪ್ರಶ್ನೆ ಕೇಳಬಹುದು, ಅದಕ್ಕೆ ಅವರು ಉತ್ತರ ಹೇಳಲೇಬೇಕಾಗುತ್ತದೆ ಎಂಬುದಷ್ಟೇ ಲೆಕ್ಕ.

ನೂರು ಸಹಿ ಏನು ಮಹಾ, ಒಂದು ಗಣೇಶನ ಹಬ್ಬದಲ್ಲಿ ನಾನೂರು ಜನ ಸೇರುತ್ತೇವೆ ಎಂದು ನಾನು ಅಂದುಕೊಂಡದ್ದೇ ಮೊದಲ ತಪ್ಪು. ನಾನೂರು ಜನ ಸೇರುತ್ತೇವೆ ನಿಜ, ಬರುವುದೆಲ್ಲಿಂದ? ಮಿಸಿಸಾಗಾ, ಓಕ್‌ವಿಲ್, ಮಿಲ್ಟನ್, ಸ್ಕಾರ್‌ಬರೊ, ಏಜಾಕ್ಸ್. ಬ್ರಾಂಪ್ಟನ್ ಒಂದೇ ನಗರವಾದರೂ ಆಗ ಅದರಲ್ಲೇ ಐದು ಕ್ಷೇತ್ರಗಳು. ರಸ್ತೆಯ ಈ ಕಡೆಯವರು ಸಹಿ ಹಾಕಬಹುದು, ಆ ಕಡೆಯವರು ಹಾಕುವಂತಿಲ್ಲ. ನಾಮಪತ್ರಕ್ಕೆ ಕೊನೆಯ ದಿನ ಸೆಪ್ಟೆಂಬರ್ 30, ಸೋಮವಾರ. ಹಿಂದಿನ ದಿನ ಭಾನುವಾರ ನವರಾತ್ರಿಯ ಪಾಡ್ಯ. ಗೊಂಬೆ ಕೂರಿಸಿದ ಮೂರು ಮನೆಗಳಿಗೆ ಹೋದೆವು. ಪಟ್ಟದ ಗೊಂಬೆಗೆ ಕೈಮುಗಿದು, ಚರುಪು ತಿಂದು, ಕ್ಲಿಪ್‌ಬೋರ್ಡ್ ತೆಗೆಯುತ್ತಿದ್ದೆವು. "ಅಯ್ಯೋ, ನಾವು ಪಿಆರ್ ಅಷ್ಟೇ, ಸಿಟಿಜನ್‌ಶಿಪ್ ಇನ್ನೂ ಆಗಿಲ್ಲ." "ನಾವು ಮಿಲ್ಟನ್ನಿಂದ ಬಂದಿರೋದು." ಇವೆರಡು ಮಾತು ಅಂದು ಎಷ್ಟು ಸಲ ಕೇಳಿದೆನೋ. ಮೂರನೆಯ ಉತ್ತರವೂ ಒಂದಿತ್ತು, ಅದು ಹೆಚ್ಚು ಚುಚ್ಚಿದ್ದು: "ಸಹಿ ಹಾಕಿದರೆ ನಮ್ಮ ಹೆಸರು ಎಲ್ಲಾದರೂ ಬರುತ್ತಾ? ಬೇಡ ಬಿಡಿ ದೊಡ್ಡಪ್ಪ, ಮುಂದೆ ಏನಾದರೂ ತೊಂದರೆ ಆದರೆ..." ಇದನ್ನು ಹೇಳಿದವರು ಹದಿನೈದು ವರ್ಷದಿಂದ ಈ ದೇಶದ ಪ್ರಜೆಗಳು.

ಕೊನೆಗೆ 127 ಸಹಿಗಳಾದವು. ಸೋಮವಾರ ಬೆಳಿಗ್ಗೆ ಕೊಟ್ಟೆವು. ಪಟ್ಟಿಯೊಂದಿಗೆ ತಾಳೆ ನೋಡಿದಾಗ ಪೌರತ್ವ ಇಲ್ಲದೆಯೇ ಮುಲಾಜಿಗೆ ಸಹಿ ಹಾಕಿದವರು 13, ಬೇರೆ ಕ್ಷೇತ್ರದವರು 15, ವಿಳಾಸ ಓದಲಾಗದ್ದು 5. ಉಳಿದದ್ದು 94. ಅಲ್ಲಿನ ಅಧಿಕಾರಿ ಬಹಳ ಮರ್ಯಾದೆಯಿಂದ ಒಂದೊಂದು ಸಾಲನ್ನೂ ತೋರಿಸಿ ವಿವರಿಸಿದರು. ಆಗ ಒಂದು ಗಂಟೆ. ಇನ್ನೊಂದು ಗಂಟೆಯಲ್ಲಿ ಆರು ಸಹಿ. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮಂಥ ಕಟ್ಟಡದಲ್ಲಿ ಯಾರಿರುತ್ತಾರೆ? ರಾತ್ರಿ ಪಾಳಿ ಮುಗಿಸಿ ಮಲಗಿದವರು, ಎಳೆ ಕೂಸಿನ ತಾಯಂದಿರು, ವಿಸಿಟರ್ ವೀಸಾದಲ್ಲಿ ಬಂದ ಅತ್ತೆಯರು. ಎರಡು ಸಹಿ ಸಿಕ್ಕಿತು. ಲಿಫ್ಟಿನೊಳಗೇ ಎರಡು ಗಂಟೆ ಹೊಡೆಯಿತು.

ಈ ಕತೆ ಹೇಳಿದ್ದು ನಿಯಮವನ್ನು ದೂರಲು ಅಲ್ಲ. ನೂರು ಎಂಬುದು ನ್ಯಾಯವಾದ ಸಂಖ್ಯೆ. ತಪ್ಪು ನಮ್ಮದು, ಇನ್ನೊಂದು ವಾರ ಮುಂಚೆ ಹೊರಡಬೇಕಿತ್ತು. ಆರು ಸಹಿಗೆ ಸೋತವನಾಗಿಯೂ ನಾನು ನೂರನ್ನು ಇಳಿಸಿ ಎನ್ನುತ್ತಿಲ್ಲ. ಏರಿಸಬೇಡಿ ಎನ್ನುತ್ತಿದ್ದೇನೆ. ಏಕೆಂದರೆ ಏರಿಸುವ ಮಾತು ಈಗ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಉಳಿದಿಲ್ಲ. 2025ರ ಏಪ್ರಿಲ್ ಚುನಾವಣೆಯಲ್ಲಿ ಕನ್ಸರ್ವೇಟಿವ್ ನಾಯಕ ಪಿಯರ್ ಪೊಲಿಯೆವ್ ಅವರ ಕಾರ್ಲ್‌ಟನ್ ಕ್ಷೇತ್ರದಲ್ಲಿ 91 ಹೆಸರುಗಳಿದ್ದವು. ಅವರು ಸೋತರು. ಆ ಆಗಸ್ಟಿನಲ್ಲಿ ಆಲ್ಬರ್ಟಾದ ಬ್ಯಾಟಲ್ ರಿವರ್–ಕ್ರೋಫುಟ್ ಉಪಚುನಾವಣೆಗೆ ನಿಂತಾಗ 214 ಹೆಸರಾಗಿ, ಕಾಗದ ಸಾಲದೆ, ಮತದಾರರೇ ಅಭ್ಯರ್ಥಿಯ ಹೆಸರು ಬರೆಯುವ ಖಾಲಿ ಮತಪತ್ರ ಕೊಡಬೇಕಾಯಿತು. ಅದಕ್ಕೆ ಮುಂಚೆಯೇ ಅವರು ಸರ್ಕಾರಕ್ಕೆ ಪತ್ರ ಬರೆದು, ಕ್ಷೇತ್ರದ ಜನಸಂಖ್ಯೆಯ ಶೇಕಡಾ ಅರ್ಧದಷ್ಟು ಸಹಿ ಕಡ್ಡಾಯ ಮಾಡಿ ಎಂದರು. ಒಂದು ಲಕ್ಷ ಹದಿನೈದು ಸಾವಿರ ಜನರಿರುವ ಕ್ಷೇತ್ರದಲ್ಲಿ ಅದು 575 ಸಹಿ. ನಮ್ಮ ದೊಡ್ಡಪ್ಪನಿಗೆ 94 ಸಿಕ್ಕಿತ್ತು.

ಈ ಉದ್ದನೆಯ ಮತಪತ್ರಗಳ ಹಿಂದಿರುವುದು 'ಲಾಂಗೆಸ್ಟ್ ಬ್ಯಾಲಟ್ ಕಮಿಟಿ' ಎಂಬ ಗುಂಪು. ಹೆಚ್ಚು ಮತ ಪಡೆದವನೇ ಗೆದ್ದ ಎಂಬ ಪದ್ಧತಿ ಬದಲಾಗಬೇಕು, ಅದನ್ನು ರಾಜಕಾರಣಿಗಳಲ್ಲ, ನಾಗರಿಕರ ಸಭೆ ತೀರ್ಮಾನಿಸಬೇಕು ಎಂಬುದು ಅವರ ಬೇಡಿಕೆ. 2015ರ ಚುನಾವಣೆಯೇ ಈ ಪದ್ಧತಿಯ ಕೊನೆಯ ಚುನಾವಣೆ ಎಂದು ಜಸ್ಟಿನ್ ಟ್ರೂಡೊ ಮಾತು ಕೊಟ್ಟು ಕೈಬಿಟ್ಟದ್ದಕ್ಕೆ ಇದು ಅವರ ಚೇಷ್ಟೆ. ಬೇಡಿಕೆ ನನಗೆ ಒಪ್ಪಿಗೆ, ಚೇಷ್ಟೆ ಒಪ್ಪಿಗೆಯಿಲ್ಲ. ಕಣ್ಣು ಮಂಜಾದ ಮುದುಕರಿಗೆ ಒಂದು ಮೀಟರ್ ಕಾಗದ ಕೊಟ್ಟು ನಗುವುದರಲ್ಲಿ ನನಗೆ ಯಾವ ಪ್ರಜಾಪ್ರಭುತ್ವವೂ ಕಾಣುವುದಿಲ್ಲ. (ಸೇಂಟ್ ಪಾಲ್ಸ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಸೊನ್ನೆ ಮತ ಬಂತು. ತನಗೆ ತಾನೇ ಹಾಕಿಕೊಳ್ಳಲು ಅವನು ಆ ಕ್ಷೇತ್ರದವನೇ ಅಲ್ಲ!) ಅದೇ ಜನ ಎಂಬತ್ತು ಜನರ ಫಾರಂಗೆ ಸಹಿ ಹಾಕುವುದನ್ನು ನಿಲ್ಲಿಸಬೇಕೆ? ನಿಲ್ಲಿಸಿ. ಒಬ್ಬ ಮತದಾರ ಒಬ್ಬರಿಗೇ ಸಹಿ ಹಾಕಲಿ, ಒಬ್ಬ ಏಜೆಂಟ್ ಒಬ್ಬರ ಲೆಕ್ಕವನ್ನಷ್ಟೇ ನೋಡಲಿ. ಇವೂ ಪೊಲಿಯೆವ್ ಪತ್ರದಲ್ಲೇ ಇದ್ದ ಸಲಹೆಗಳು. ಇವೆರಡರಿಂದಲೇ ಚೇಷ್ಟೆ ಮುಗಿಯುತ್ತದೆ. ಮತ್ತೆ 575 ಯಾಕೆ? ಚೇಷ್ಟೆ ನಿಂತ ಮೇಲೂ ಬಾಗಿಲಿಗೆ ಬೀಗ ಯಾಕೆ?

ಹೆಸರು ಹೆಚ್ಚಾದದ್ದೇ ತೊಂದರೆ ಎನ್ನುವವರು ಟೊರಾಂಟೊ ನಗರವನ್ನೇ ನೋಡಬಹುದು. 2023ರ ಜೂನ್ 26ರಂದು ಮೇಯರ್ ಉಪಚುನಾವಣೆಗೆ 102 ಜನ ನಿಂತಿದ್ದರು. ಅಲ್ಲಿ ನಿಲ್ಲಲು 25 ಜನರ ಅನುಮೋದನೆಯ ಸಹಿ, ಒಂದು ಸಣ್ಣ ಶುಲ್ಕ ಸಾಕು. ತನ್ನ ನಾಯಿಯನ್ನು ಮುಂದಿಟ್ಟುಕೊಂಡು ಪ್ರಚಾರ ಮಾಡಿದವರೂ ಇದ್ದರು. ಆದರೂ ಅದೇ ರಾತ್ರಿ ಫಲಿತಾಂಶ ಬಂತು, ಒಲಿವಿಯಾ ಚೌ ಗೆದ್ದರು, ಜನ ಮಲಗಿದರು. ಅದು ಯಂತ್ರದ ಎಣಿಕೆ. ಸೇಂಟ್ ಪಾಲ್ಸ್‌ನಲ್ಲಿ ಆ ಉದ್ದನೆಯ ಕಾಗದವನ್ನು ಕೈಯಲ್ಲಿ ಬಿಡಿಸಿ, ಎಣಿಸಿ, ಮಡಿಸಿ, ಬೆಳಗಿನ ಜಾವ ನಾಲ್ಕು ದಾಟಿತು. ಹಾಗಿದ್ದರೆ ಕೆಟ್ಟದ್ದು ಎಣಿಸುವ ರೀತಿಯೋ, ನಿಲ್ಲುವ ಹಕ್ಕೋ?

ಇಷ್ಟು ಹೇಳಿದರೂ ನನ್ನ ಮಿಲ್ಟನ್ ಮಿತ್ರರ ಬಳಿ ಒಂದು ಅಸ್ತ್ರವಿದೆ: "ನಮ್ಮೂರಲ್ಲಿ ಠೇವಣಿ ಏರಿಸಿದ ಮೇಲೇ ತಾನೇ ಸರಿಹೋಗಿದ್ದು?" ಹೌದು, 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯಲ್ಲಿ 456 ಜನ, ನಲ್ಗೊಂಡದಲ್ಲಿ 480 ಜನ ನಿಂತಿದ್ದರು. ಆಗ ಠೇವಣಿ 500 ರೂಪಾಯಿ. ಅದೇ ವರ್ಷ ಅದನ್ನು 10,000ಕ್ಕೆ ಏರಿಸಿದರು. ಪಕ್ಷೇತರರಿಗೆ ಹತ್ತು ಸೂಚಕರು ಬೇಕು, ಮಾನ್ಯತೆ ಪಡೆದ ಪಕ್ಷದವನಿಗೆ ಒಬ್ಬ ಸಾಕು ಎಂದರು. ದೇಶದಲ್ಲಿ ಒಟ್ಟು 13,952 ಇದ್ದ ಅಭ್ಯರ್ಥಿಗಳು 1998ರಲ್ಲಿ 4,750 ಆದರು. ಈಗ ಲೋಕಸಭೆಗೆ 25,000, ವಿಧಾನಸಭೆಗೆ 10,000, ಪರಿಶಿಷ್ಟರಿಗೆ ಅರ್ಧ. ಚಲಾವಣೆಯಾದ ಮತದ ಆರನೇ ಒಂದು ಭಾಗ ಬಾರದಿದ್ದರೆ ಮುಟ್ಟುಗೋಲು.

ಪಟ್ಟಿ ಗಿಡ್ಡವಾಯಿತು, ಒಪ್ಪಿದೆ. ಹೊರಗೆ ಹೋದವರು ಯಾರು? 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತಾಗ ಮತಯಂತ್ರದಲ್ಲಿ ಇನ್ನೂ ಮೂವರು ಸುಮಲತಾ ಕಾಣಿಸಿಕೊಂಡದ್ದು ನೆನಪಿದೆಯೆ? ಆ ಮೂವರಿಗೂ ಠೇವಣಿ ಒದಗಿತ್ತು, ಸೂಚಕರು ಒದಗಿದ್ದರು. ಜನ ಕಹಳೆ ಊದುವ ರೈತನ ಗುರುತು ಹುಡುಕಿ ಒತ್ತಿ ಒಂದೂಕಾಲು ಲಕ್ಷದ ಅಂತರದಲ್ಲಿ ಗೆಲ್ಲಿಸಿದರು, ಅದು ಮಂಡ್ಯದ ಜನರ ಜಾಣ್ಮೆ. ಆದರೆ ಠೇವಣಿ ಎಂಬ ಜರಡಿ ಹಿಡಿದದ್ದು ಯಾರನ್ನು, ಬಿಟ್ಟದ್ದು ಯಾರನ್ನು ಎಂದು ಅಲ್ಲೇ ಗೊತ್ತಾಗುತ್ತದೆ. ಕೂಲಿ ಹೆಣ್ಣುಮಗಳೊಬ್ಬಳಿಗೆ 25,000 ರೂಪಾಯಿ ಎಂದರೆ ತಿಂಗಳುಗಳ ದುಡಿಮೆ. ಕಲ್ಲುಗಣಿಯವನಿಗೆ ಅದು ಒಂದು ಸಂಜೆಯ ಬಿಲ್ಲು. 1989ರಲ್ಲಿ ಶಿವರಾಮ ಕಾರಂತರು ಪರಿಸರದ ಪ್ರಶ್ನೆ ಎತ್ತಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಕಾರಂತರಿಗೆ ಹೆಸರಿತ್ತು, ಎಷ್ಟು ಠೇವಣಿಯಾದರೂ ಜನ ಕಟ್ಟುತ್ತಿದ್ದರು. ಹೆಸರಿಲ್ಲದವನಿಗೂ ಪ್ರಶ್ನೆ ಇರುತ್ತದಲ್ಲ, ಸ್ವಾಮಿ.

ಇನ್ನು ಕೆರೆಯಾಚೆಯ ದೇಶ. ಒಂಟಾರಿಯೊ ಸರೋವರವನ್ನು ನಾವು ಕೆರೆ ಎನ್ನುವುದೇ ವಾಡಿಕೆ. ನನ್ನ ಷಡ್ಡಕರು ಬಫಲೋದಲ್ಲಿದ್ದಾರೆ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಪಕ್ಷೇತರರಾಗಿ ನಿಲ್ಲಬೇಕಾದರೆ ದೇಶಕ್ಕೆಲ್ಲ ಒಂದು ನಾಮಪತ್ರ ಸಾಲದು. ಪ್ರತಿ ರಾಜ್ಯದ ಮತಪತ್ರಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ನಿಯಮ. ಟೆನೆಸೀಯಲ್ಲಿ 275 ಸಹಿ ಸಾಕು. ಡೆಟ್ರಾಯಿಟ್ ಇರುವ ಮಿಶಿಗನ್ನಿನಲ್ಲಿ 12,000. ಷಡ್ಡಕರ ನ್ಯೂಯಾರ್ಕಿನಲ್ಲಿ 15,000 ಇದ್ದದ್ದನ್ನು 2020ರಲ್ಲಿ 45,000ಕ್ಕೆ ಏರಿಸಿದರು, ಅದೂ ಆರು ವಾರದೊಳಗೆ. 2024ರಲ್ಲಿ ರಾಬರ್ಟ್ ಕೆನೆಡಿ ಜೂನಿಯರ್ ಲಕ್ಷಕ್ಕೂ ಮೀರಿ ಸಹಿ ಒಟ್ಟುಮಾಡಿ ಕೊಟ್ಟರು. ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ಅವರು ನಿಜವಾಗಿ ವಾಸವಿಲ್ಲ ಎಂದು ನ್ಯಾಯಾಧೀಶರು ಹೆಸರನ್ನೇ ತೆಗೆಸಿದರು. ಆ ಮನುಷ್ಯನ ವಿಚಾರಗಳು ನನಗೆ ಒಂದೂ ರುಚಿಸುವುದಿಲ್ಲ. ಲಸಿಕೆ ಬಗ್ಗೆ ಅವರ ಮಾತು ಕೇಳಿದರೆ ಮೈ ಉರಿಯುತ್ತದೆ. ಆದರೆ ಕೆನೆಡಿ ಎಂಬ ಮನೆಹೆಸರು, ಹಣ, ವಕೀಲರ ದಂಡು ಇದ್ದವನಿಗೇ ಹೀಗಾದರೆ ಬಫಲೋದ ಬಸ್ ಚಾಲಕನ ಗತಿ ಏನು? 1992ರಲ್ಲಿ ರಾಸ್ ಪೆರೋ ಐವತ್ತೂ ರಾಜ್ಯಗಳ ಮತಪತ್ರದಲ್ಲಿ ಹೆಸರು ಬರುವಂತೆ ಮಾಡಿಕೊಂಡರು, ಶೇಕಡಾ 19ರ ಹತ್ತಿರ ಮತ ಪಡೆದರು. ಅವರು ಶತಕೋಟಿ ಡಾಲರುಗಳ ಒಡೆಯ. ಸಹಿಯ ಗೋಡೆ ಎತ್ತರವಾದಷ್ಟೂ ಏಣಿ ಕೊಳ್ಳಬಲ್ಲವನು ಮಾತ್ರ ಹತ್ತುತ್ತಾನೆ. 275 ಸಹಿಯ ಟೆನೆಸೀಯಲ್ಲಿ ಮತಪತ್ರವೇನೂ ಮೀಟರುಗಟ್ಟಲೆ ಬೆಳೆದಿಲ್ಲ.

"ಅಷ್ಟೆಲ್ಲ ಯಾಕೆ, ನಮ್ಮವರು ಪಕ್ಷದೊಳಗೇ ಬೆಳೀಬೇಕು" ಎನ್ನುತ್ತಾರೆ ಸಂಘದ ಹಿರಿಯರು. ಈ ಮಾತಿಗೆ ನನಗೆ ಸಿಟ್ಟು ಬರುವುದು, ಏಕೆಂದರೆ ಪಕ್ಷದೊಳಗೆ ಬೆಳೆದ ನಮ್ಮವರಿಗೆ ಏನಾಯಿತೆಂದು ನೋಡಿದ್ದೇವೆ. ಶಿರಾ ತಾಲ್ಲೂಕಿನ ದ್ವಾರಳು ಗ್ರಾಮದ ಚಂದ್ರ ಆರ್ಯ ಅವರು 2015ರಿಂದ 2025ರ ತನಕ ನೆಪಿಯನ್ ಕ್ಷೇತ್ರದ ಲಿಬರಲ್ ಸಂಸದರಾಗಿದ್ದರು. 2022ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೊ ಕಳಿಸದ ಕನ್ನಡಿಗ ಈ ಭೂಮಿಯ ಮೇಲೆ ಇಲ್ಲ. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವಕ್ಕೆ, ಅಂದರೆ ಪ್ರಧಾನಿ ಪಟ್ಟಕ್ಕೆ, ಸ್ಪರ್ಧಿಸುತ್ತೇನೆಂದರು. ಪ್ರವೇಶ ಶುಲ್ಕವೇ 3,50,000 ಡಾಲರ್. ಪಕ್ಷ ಅವರಿಗೆ ಅನುಮತಿ ಕೊಡಲಿಲ್ಲ. ಮಾರ್ಚಿನಲ್ಲಿ ನೆಪಿಯನ್ ಟಿಕೆಟನ್ನೂ ಹಿಂತೆಗೆದುಕೊಂಡಿತು, ಎರಡು ದಿನದಲ್ಲಿ ಅಲ್ಲಿ ಮಾರ್ಕ್ ಕಾರ್ನಿ ಅಭ್ಯರ್ಥಿಯಾದರು. ಆರ್ಯ ಅವರ ಎಲ್ಲ ನಿಲುವುಗಳೂ ನನಗೆ ಒಪ್ಪಿಗೆಯೇನಲ್ಲ. ಪಕ್ಷಕ್ಕೆ ಕಾರಣಗಳಿದ್ದಿರಬಹುದು. ನನ್ನ ತಕರಾರು ಬೇರೆ: ಮೂರು ಸಲ ಆರಿಸಿ ಕಳಿಸಿದ ನೆಪಿಯನ್ ಮತದಾರರಿಗೆ ಆ ತೀರ್ಮಾನದಲ್ಲಿ ಯಾವ ಪಾತ್ರವೂ ಇರಲಿಲ್ಲ. ಕನ್ನಡ ಭಾಷಣಕ್ಕೆ ಚಪ್ಪಾಳೆ ಹೊಡೆದ ನಮ್ಮ ಗುಂಪು ಆ ವಾರ ಹೋಳಿಗೆ ರೆಸಿಪಿ ಹಂಚಿಕೊಳ್ಳುತ್ತಿತ್ತು.

ಪಕ್ಷದ ಟಿಕೆಟ್ ಎಂಬುದು ಮತಪತ್ರಕ್ಕಿಂತ ಮುಂಚಿನ ಬಾಗಿಲು. ಅದಕ್ಕೆ ನ್ಯಾಯವಾದ ಕಾವಲೇ ಇಲ್ಲ. ದೊಡ್ಡ ಪಕ್ಷಗಳ ಟಿಕೆಟ್ ಸ್ಪರ್ಧೆಯಲ್ಲಿ ಹದಿನಾಲ್ಕು ವರ್ಷದ ಮಕ್ಕಳೂ ಪೌರತ್ವ ಇಲ್ಲದ ಪಿಆರ್‌ಗಳೂ ಮತ ಹಾಕಬಹುದು. ಗೊಂಬೆ ಮನೆಯಲ್ಲಿ ದೊಡ್ಡಪ್ಪನಿಗೆ ಸಹಿ ಹಾಕಲಾಗದ ಅದೇ ಪಿಆರ್‌ಗಳು! ವಿದೇಶಿ ಹಸ್ತಕ್ಷೇಪದ ತನಿಖೆ ನಡೆಸಿದ ನ್ಯಾಯಮೂರ್ತಿ ಮಾರಿ-ಜೋಸೆ ಓಗ್ ಅವರ 2024ರ ಮೇ ವರದಿಯೇ ಈ ಟಿಕೆಟ್ ಸ್ಪರ್ಧೆಗಳು ಹೊರಗಿನವರಿಗೆ ದಾರಿಬಾಗಿಲಾಗಬಲ್ಲವು ಎಂದು ಎಚ್ಚರಿಸಿತು. ಇಂಥ ಬಾಗಿಲನ್ನು ತೆರೆದಿಟ್ಟು, ನೂರು ಜನ ಹೆಸರು ವಿಳಾಸ ಬರೆದು ಸಾಕ್ಷಿಯ ಎದುರು ಸಹಿ ಹಾಕುವ ಬಾಗಿಲಿಗೆ ಐದುಪಟ್ಟು ಬೀಗ ಹಾಕುತ್ತಾರಂತೆ.

ಪಕ್ಷ ಹೊರಗೆ ಹಾಕಿದವರಿಗೆ ಉಳಿಯುವುದು ಆ ನೂರು ಸಹಿಯ ಬಾಗಿಲೊಂದೇ. ಟೊರಾಂಟೊದ ಯಾರ್ಕ್ ಸೌತ್–ವೆಸ್ಟನ್ನಿನಲ್ಲಿ ಜಾನ್ ನನ್‌ಜಿಯಾಟ, ಜಿಎಸ್‌ಟಿ ತೆಗೆಯುತ್ತೇವೆಂದು ಕೊಟ್ಟ ಮಾತು ತಪ್ಪಿದ ತನ್ನದೇ ಸರ್ಕಾರದ ಬಜೆಟ್ಟಿಗೆ ವಿರುದ್ಧ ಮತ ಹಾಕಿ ಲಿಬರಲ್ ಪಕ್ಷದಿಂದ ಹೊರಬಿದ್ದರು. 1997ರಲ್ಲಿ ಪಕ್ಷೇತರರಾಗಿ ನಿಂತು ಅದೇ ಪಕ್ಷವನ್ನು ಸೋಲಿಸಿದರು. 2019ರಲ್ಲಿ ಜೇನ್ ಫಿಲ್ಪಾಟ್ ನಮ್ಮ ಪಕ್ಕದ ಮಾರ್ಕಮ್–ಸ್ಟೌಫ್‌ವಿಲ್‌ನಲ್ಲಿ ಹಾಗೇ ನಿಂತು ಸೋತರು, ಜೋಡಿ ವಿಲ್ಸನ್-ರೇಬೌಲ್ಡ್ ವ್ಯಾಂಕೂವರಿನಲ್ಲಿ ಗೆದ್ದರು. ಹೆಸರಾಂತರಿಗೆ 575 ಸಹಿ ಒಂದು ಮಧ್ಯಾಹ್ನದ ಕೆಲಸ. ಕಷ್ಟವಾಗುವುದು ಊರು ತುಂಬ ಚದುರಿಹೋಗಿರುವ ನಮ್ಮಂಥವರಿಗೆ. ಒಂದೇ ಕಡೆ ನೆಲೆಸಿದ ದೊಡ್ಡ ಸಮುದಾಯಗಳಿಗೆ ಸಂಖ್ಯೆ ಇದೆ, ಪ್ರಾರ್ಥನಾ ಮಂದಿರದ ಅಂಗಳವಿದೆ. ಒಂದೊಂದು ಕ್ಷೇತ್ರದಲ್ಲಿ ಕನ್ನಡದ ಮನೆ ಹತ್ತೋ ಇಪ್ಪತ್ತೋ. ಅಂಥವರು ನೂರು ಮುಟ್ಟಬೇಕೆಂದರೆ ಎಂಬತ್ತು ಜನ ಬೇರೆಯವರ ಬಾಗಿಲು ತಟ್ಟಲೇಬೇಕು. ದೊಡ್ಡಪ್ಪನ 94ರಲ್ಲಿ ಕನ್ನಡದವು 19 ಮಾತ್ರ. ಉಳಿದವು ಜಮೈಕಾದ, ಪಂಜಾಬಿನ, ಪೋರ್ಚುಗಲ್ಲಿನ, ಫಿಲಿಪೀನ್ಸಿನ ಮನೆಗಳವು. ಅಮ್ಮನನ್ನು ಕರೆಸಿಕೊಳ್ಳಲಾಗದ ಸಂಕಟ ಹೇಳಿದರೆ ಅವರಿಗೆ ಅನುವಾದ ಬೇಕಾಗಿರಲಿಲ್ಲ. ಆ ಎರಡು ವಾರ ನಾನು ಮಾತಾಡಿದಷ್ಟು ನೆರೆಹೊರೆಯವರ ಜೊತೆ ಅದಕ್ಕೆ ಮುಂಚಿನ ಎಂಟು ವರ್ಷದಲ್ಲಿ ಮಾತಾಡಿರಲಿಲ್ಲ. ನೂರು ಎಂಬ ಸಂಖ್ಯೆಗೆ ಅಷ್ಟು ಶಕ್ತಿ ಇದೆ: ನಮ್ಮ ಗುಂಪು ಬಿಟ್ಟು ಹೊರಗೆ ಬಾ ಎನ್ನುತ್ತದೆ, ಆದರೆ ಕಾಲು ಸೋಲುವಷ್ಟು ದೂರ ಓಡಿಸುವುದಿಲ್ಲ.

ಮಿಲ್ಟನ್ ಮಿತ್ರರಿಗೆ ಇದನ್ನೆಲ್ಲ ಹೇಳಿದೆ. "ನಿಮ್ಮ ದೊಡ್ಡಪ್ಪ ನಿಂತಿದ್ದರೂ ಎಷ್ಟು ವೋಟು ಬರ್ತಿತ್ತು?" ಎಂದರು. ಇನ್ನೂರು ಬರುತ್ತಿತ್ತೇನೋ. ಆದರೆ ಆ ವರ್ಷದ ಅಭ್ಯರ್ಥಿಗಳ ಚರ್ಚೆಗೆ ನಾನು ಹೋಗಿದ್ದೆ. ಒಂದೂವರೆ ಗಂಟೆಯಲ್ಲಿ ತೆರಿಗೆ ಬಂತು, ಕಾರ್ಬನ್ ಬಂತು, ಅಪ್ಪ ಅಮ್ಮಂದಿರ ಅರ್ಜಿಯ ಮಾತು ಒಮ್ಮೆಯೂ ಬರಲಿಲ್ಲ. ದೊಡ್ಡಪ್ಪ ನನ್ನ ಪಕ್ಕದ ಕುರ್ಚಿಯಲ್ಲಿ, ಪ್ರೇಕ್ಷಕರ ಸಾಲಿನಲ್ಲಿ, ಪ್ರಶ್ನೆ ಬರೆದ ಚೀಟಿಯನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡು ಕೂತಿದ್ದರು. ಸಮಯವಾಯಿತೆಂದು ಚೀಟಿಗಳನ್ನು ಸಂಗ್ರಹಿಸುವ ಬುಟ್ಟಿ ನಮ್ಮ ಸಾಲಿಗೆ ಬರಲೇ ಇಲ್ಲ.